ಕರ್ಣನ ಕವಚ ಹೊಲಿದ ದುರ್ಗಪ್ಪ

ಗುಡೂರಿನ ದುರ್ಗಪ್ಪ ಹೊಲಿದ ಕೆರವನ್ನು ಮೆಟ್ಟಿದವರು ಅದು ಕಾಲಲ್ಲಿದೆ ಎಂಬುದನ್ನೇ ಮರೆತುಬಿಡುತ್ತಿದ್ದರು. ಕಚ್ಚುವುದಿಲ್ಲ, ಕಿರುಗುಟ್ಟುವುದಿಲ್ಲ, ಹರಿಯುವ ಮಾತಂತೂ ಇಲ್ಲವೇ ಇಲ್ಲ. ಅವನ ಬಾರುಕೋಲು, ಅವನ ಮಿಣಿ, ಬಾವಿಯಿಂದ ನೀರೆತ್ತುವ ಅವನ ತೊಗಲಿನ ಚೀಲ ಎಂದರೆ ಹುನಗುಂದದಿಂದ ಇಳಕಲ್ಲಿನ ತನಕ ಜನ ಕಣ್ಣು ಮುಚ್ಚಿ ಒಯ್ಯುತ್ತಿದ್ದರು. ಒಯ್ದವರು ಯಾರೂ ಅವನ್ನು ನಿಂತು ನೋಡಿದವರಲ್ಲ. ಕೆರ ಕಾಲಡಿಗೆ, ಚೀಲ ಬಾವಿಯೊಳಗೆ, ಮಿಣಿ ಎತ್ತಿನ ನೊಗಕ್ಕೆ. ಇನ್ನು ನೋಡುವುದೇನು? ಆದರೆ ದುರ್ಗಪ್ಪನ ಹೊಟ್ಟೆಯೊಳಗಿನ ಸಂಕಟವೇ ಅದು. ಮೀಸೆ ನೆರೆತ ಮನುಷ್ಯನಿಗೆ ಒಂದೇ ಒಂದು ಆಸೆ: ತಾನು ಮಾಡಿದ್ದೊಂದನ್ನು ಊರ ಜನ ತಲೆ ಬಗ್ಗಿಸಿ ಅಲ್ಲ, ತಲೆ ಎತ್ತಿ ನೋಡಬೇಕು. ಒಂದು ಸಲ ಸಾಕು.

ಆ ಆಸೆಗೆ ದಾರಿ ಮಾಡಿಕೊಟ್ಟವನು ಬಂಡೆಪ್ಪ. ಕುರಿ ಕಾಯುವ ಆಳು, ಬೀರಪ್ಪ ದೇವರ ಭಕ್ತ. ಊರ ದೊಡ್ಡಾಟದಲ್ಲಿ ಕರ್ಣನ ಪಾತ್ರ ಅವನನ್ನು ಬಿಟ್ಟು ಬೇರೆಯವರಿಗೆ ಹೋದದ್ದಿಲ್ಲ. ಅಂಥ ಮೈಕಟ್ಟು, ಅಂಥ ಕಂಠ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತಷ್ಟೆ, ನಮ್ಮ ಕಡೆ ಇನ್ನೂ ಮುಂಬಯಿ ಸರಕಾರ. ಸುಗ್ಗಿ ಮುಗಿದು ಕಣದ ಕೆಲಸ ತೀರಿತೆಂದರೆ ಊರ ನಡುವೆ ಅಟ್ಟ ಕಟ್ಟಿ, ಗ್ಯಾಸ್ ಬತ್ತಿ ತೂಗುಬಿಟ್ಟು, ಬೆಳಗಾಗುವ ತನಕ ಆಟ. ಬೆಳಗಿನ ಹೊತ್ತಿಗೆ ಇಂದ್ರ ಬಡ ಬ್ರಾಹ್ಮಣನ ವೇಷದಲ್ಲಿ ಬಂದು, ಹುಟ್ಟಿನಿಂದ ಮೈಗೆ ಅಂಟಿಕೊಂಡ ಕವಚವನ್ನು ದಾನ ಬೇಡುತ್ತಾನೆ. ಕರ್ಣ ಹಿಂದೆಮುಂದೆ ನೋಡದೆ ಕಿತ್ತು ಕೊಡುತ್ತಾನೆ. ಆ ಘಟ್ಟಕ್ಕಾಗಿ ಜನ ಇಡೀ ರಾತ್ರಿ ನಿದ್ದೆಗೆಡುತ್ತಿದ್ದರು. ಹೋದ ವರ್ಷ ಏನಾಯಿತೆಂದರೆ, ರಟ್ಟಿಗೆ ಬೇಗಡೆ ಅಂಟಿಸಿದ ಕವಚ ಇಬ್ಬನಿಗೆ ನೆನೆದು, ದಾನ ಕೇಳುವ ಮೊದಲೇ ತಾನಾಗಿ ಉದುರಿಬಿತ್ತು. ಇಂದ್ರನ ಪಾತ್ರದ ಮುತ್ತಪ್ಪ ನೆಲದ ಮೇಲಿನ ಚೂರುಗಳನ್ನು ಆರಿಸಿ ಉಡಿಯಲ್ಲಿ ಹಾಕಿಕೊಂಡು ಸ್ವರ್ಗಕ್ಕೆ ಹೋಗಬೇಕಾಯಿತು. ಜನ ಬಿದ್ದು ಬಿದ್ದು ನಕ್ಕರು. ಬಂಡೆಪ್ಪನಿಗೆ ಆ ನಗು ವರ್ಷವಿಡೀ ಕಿವಿಯಲ್ಲಿ ಗುಂಯ್‌ಗುಟ್ಟಿತು. ಅವನು ನೆಟ್ಟಗೆ ದುರ್ಗಪ್ಪನ ಕಟ್ಟೆಗೆ ಬಂದು ಕುಂತ.

“ಈ ಸಲ ತೊಗಲಿಂದ ಮಾಡಿಕೊಡಪಾ ದುರ್ಗಪ್ಪಾ. ಖರೇನ ಕರ್ಣ ಹುಟ್ಟಿದಾಗ ಹೆಂಗಿತ್ತೋ, ಹಂಗ.”

ದುರ್ಗಪ್ಪ ಕೈಯಲ್ಲಿದ್ದ ಕೆರವನ್ನು ಪಕ್ಕಕ್ಕಿಟ್ಟು ಎದ್ದು, ಬಂಡೆಪ್ಪನ ಎದೆಗೆ ಗೇಣು ಹಾಕಿ ಅಳೆಯತೊಡಗಿದ. ಹೂಂ ಅನ್ನುವುದಕ್ಕೆ ಅದಕ್ಕಿಂತ ಹೆಚ್ಚೇನು ಬೇಕು.

ಸುದ್ದಿ ತಿಳಿದ ಹಿರಿಯರು ಮೂಗು ಮುರಿದರು. ಗಣಪತಿ ಪೂಜೆಯಾದ ಅಟ್ಟದ ಮೇಲೆ ತೊಗಲು ಹತ್ತುವುದೇ? ಬಂಡೆಪ್ಪ ಮದ್ದಳೆಯನ್ನು ತಂದು ಅವರ ಮುಂದಿಟ್ಟು, ಇದಕ್ಕೆ ಬಿಗಿದದ್ದೇನು ಬಾಳೆ ಎಲೆಯೇನು ಎಂದು ಕೇಳಿದ. ಹಿರಿಯರು ಎಲೆಯಡಿಕೆಯ ಕಡೆ ಗಮನ ಹೊರಳಿಸಿದರು. ಆದರೆ ಪಂಢರೀನಾಥ ಮಾಸ್ತರರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ಸಾಲೆಯ ಮಾಸ್ತರರು ಅವರೇ, ಆಟ ಕಲಿಸುವವರು ಅವರೇ, ಅಟ್ಟದ ಮೇಲೆ ತಾಳ ಹಿಡಿದು ಸಾರಥಿಯಾಗಿ ನಿಂತು ಆಟ ನಡೆಸುವವರೂ ಅವರೇ. ಅವರಿಗೆ ಮೈಲಿಗೆಯ ಚಿಂತೆ ಇರಲಿಲ್ಲ, ಆಟದ ಚಿಂತೆ ಇತ್ತು.

“ಮಾಡು, ಬ್ಯಾಡ ಅನ್ನೂದಿಲ್ಲ. ಆದ್ರ ದುರ್ಗಪ್ಪಾ, ಅದು ಬಿಚ್ಚಾಕ ಬರಬೇಕು. ಆಟ ಕೆಟ್ಟಿತಂದ್ರ ತೊಗಲು ಅಟ್ಟಾ ಹತ್ತೂದು ಅದ ಕಡೀದು ನೋಡಪಾ.”

ದುರ್ಗಪ್ಪನ ಕಿವಿಗೆ ಬಿದ್ದದ್ದು ‘ಮಾಡು’ ಎಂಬುದೊಂದೇ. ಉಳಿದದ್ದು ಗಾಳಿಗೆ ಹೋಯಿತು. ಹುರುಪಿನಲ್ಲಿದ್ದ ಮನುಷ್ಯನಿಗೆ ಬುದ್ಧಿ ಹೇಳಿ ಏನುಪಯೋಗ!

ಹದ ಮಾಡಿದ ಎಮ್ಮೆಯ ತೊಗಲನ್ನು ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಅದನ್ನು ಬಂಡೆಪ್ಪನ ಮೈಗೇ ಸುತ್ತಿ, ಹಗ್ಗ ಬಿಗಿದು, ಅಂಗಳದ ಬಿಸಿಲಲ್ಲಿ ನಿಲ್ಲಿಸಿದ. ಒಣಗುತ್ತ ಒಣಗುತ್ತ ತೊಗಲು ಮೈಯ ಆಕಾರ ಹಿಡಿಯಬೇಕು. ಅಲ್ಲಿಯತನಕ ಕೂಡುವಂತಿಲ್ಲ, ಬಗ್ಗುವಂತಿಲ್ಲ, ಸೀನುವಂತಿಲ್ಲ. ಬಂಡೆಪ್ಪನಿಗೆ ಅಂದೇ ಸೀನು ಬರಬೇಕೆ? ತಡೆದು ತಡೆದು ಕಣ್ಣಲ್ಲಿ ನೀರು ಬಂತು. ದುರ್ಗಪ್ಪನ ಹೆಂಡತಿ ಹುಚ್ಚವ್ವ ನೋಡಲಾರದೆ, ಗಂಡ ಅತ್ತ ಹೋದಾಗ ಬಿಸಿ ರೊಟ್ಟಿಯಲ್ಲಿ ಝುಣಕ ಸುತ್ತಿ ಸುತ್ತಿ ಅವನ ಬಾಯಿಗಿಟ್ಟಳು. ಸಂಜೆ ಹಗ್ಗ ಬಿಚ್ಚಿ ನೋಡಿದರೆ ಕವಚಕ್ಕೆ ಉಂಡ ಹೊಟ್ಟೆ ಬಂದುಬಿಟ್ಟಿದೆ! ದುರ್ಗಪ್ಪ ಹೆಂಡತಿಯ ಮೇಲೆ ಹರಿಹಾಯ್ದ. ಕರ್ಣನೆಂದರೆ ರಾಜ, ಅವನೇನು ಉಪವಾಸ ಇರುತ್ತಿದ್ದನೇ ಎಂದು ಅವಳು ತಿರುಗಿಬಿದ್ದಳು.

ಇನ್ನು ಎದೆಯ ಮೇಲೆ ಸೂರ್ಯ ಬೇಕು, ಎರಡು ಭುಜಕ್ಕೆ ಎರಡು ಸಿಂಹದ ಮುಖ ಬೇಕು. ಕರ್ಣ ಸೂರ್ಯನ ಮಗನಲ್ಲವೇ. ಮರದಲ್ಲಿ ಕೆತ್ತಿಸಿದರೆ ಭಾರ, ತಗಡಿನಲ್ಲಿ ಬಡಿಸಿದರೆ ಡಬ್ಬಿಯ ಸಪ್ಪಳ. ದುರ್ಗಪ್ಪ ಐಹೊಳೆಗೆ ನಡೆದ. ಅಲ್ಲಿ ಆಗ ಎಷ್ಟೋ ಹಳೆಯ ಗುಡಿಗಳಲ್ಲಿ ಜನ ದನ ಕಟ್ಟುತ್ತಿದ್ದರು, ಮೇವು ಒಟ್ಟುತ್ತಿದ್ದರು. ಅಂಥ ಒಂದು ಗುಡಿಯಲ್ಲಿ, ಎಮ್ಮೆಯೊಂದು ಮೆಲುಕು ಹಾಕುತ್ತ ನೋಡುತ್ತಿರುವಾಗ, ಅವನು ಹದವಾಗಿ ನಾದಿದ ಜೇಡಿಮಣ್ಣನ್ನು ಕಂಬದ ಮೇಲೆ ಸೂರ್ಯನಂತೆ ಅರಳಿದ ಹೂವಿಗೆ ಒತ್ತಿದ, ಸಿಂಹದ ಮೋರೆಗೆ ಒತ್ತಿದ. ಮೆಲ್ಲಗೆ ಬಿಡಿಸಿಕೊಂಡರೆ ಮಣ್ಣಿನಲ್ಲಿ ಅಚ್ಚು ಸಿದ್ಧ. ಅದನ್ನು ಒಣಗಿಸಿ, ಹುಲ್ಲಿನಲ್ಲಿ ಸುತ್ತಿ, ಹೆತ್ತ ಕೂಸನ್ನು ತರುವಂತೆ ಎದೆಗವಚಿ ತಂದ.

ಅಚ್ಚಿಗೆ ಎರೆಯುವುದೇನನ್ನು? ರಾಳವನ್ನು. ಗಿಡದ ಅಂಟು ಒಣಗಿ ಕಲ್ಲುಸಕ್ಕರೆಯ ಹಾಗೆ ಆದದ್ದು, ಅಂಗಡಿಯಲ್ಲಿ ಸಿಗುತ್ತದೆ. ಕಾಯಿಸಿದರೆ ಕರಗಿ ಪಾಕವಾಗುತ್ತದೆ, ಆರಿದರೆ ಗಟ್ಟಿ. ಮೊದಲನೆಯ ಸೂರ್ಯ ಎಷ್ಟು ಚೆಂದ ಬಂತೆಂದರೆ, ದುರ್ಗಪ್ಪ ಹುಚ್ಚವ್ವನನ್ನು ಕೂಗಿ ಕರೆದ. ಅವಳು ಬರುವಷ್ಟರಲ್ಲಿ ಸೂರ್ಯ ಟಕ್ಕೆಂದು ಒಡೆದು ನಾಲ್ಕಾಗಿದ್ದ. ರಾಳ ಬಿಟ್ಟು ಬರೀ ಅರಗಿನಲ್ಲಿ ಎರೆದ ಸಿಂಹ ಒಡೆಯಲಿಲ್ಲ, ಆದರೆ ಬಿಸಿಲಿಗಿಟ್ಟರೆ ಅದರ ಮೂಗು ಕೆಳಗಿಳಿದು ಬಾಯಿಗೆ ಸೇರಿತು. ಸೋತು ಸುಣ್ಣವಾದ ದುರ್ಗಪ್ಪ ಇಳಕಲ್ಲಿಗೆ ಹೋಗಿ, ಅರಗಿನ ಬಳೆ ಮಾಡುವ ಜುಲೇಖಾಳ ಮುಂದೆ ಆ ಸಿಂಹವನ್ನಿಟ್ಟ. ಅವಳು ಅದರ ಮೋರೆ ನೋಡಿ, ಇದಕ್ಕೆ ನೆಗಡಿಯಾಗಿದೆ ಎಂದು ಸೆರಗು ಬಾಯಿಗಿಟ್ಟು ನಕ್ಕಳು. ನಕ್ಕು ಮುಗಿದ ಮೇಲೆ ಒಲೆ ಹೊತ್ತಿಸಿದಳು. ರಾಳಕ್ಕೆ ಅರಗು ಕೂಡಿಸಬೇಕು, ಜರಡಿ ಹಿಡಿದ ಇಟ್ಟಂಗಿ ಪುಡಿ ಬೆರೆಸಬೇಕು, ಬಿರುಕು ಬಿಡದ ಹಾಗೆ ಚೂರು ಔಡಲೆಣ್ಣೆ ಬಿಡಬೇಕು. ಕಲೆಸಿ, ಎರೆದು, ಆರಿಸಿ ತೋರಿಸಿದಳು. ಮೇಲೆ ಬಳೆಗೆ ಹಚ್ಚುವ ಹಳದಿ ಬಣ್ಣವನ್ನೂ ಕೊಟ್ಟಳು. ಆ ಸಲದ ಸಿಂಹದ ಮೂಗು ಸುತ್ತಿಗೆಗೂ ಜಗ್ಗಲಿಲ್ಲ.

ಈಗ ಹೊಲಿಗೆ. ತೊಗಲಿನ ಹಿಂಬದಿಯಿಂದ ತೆಳ್ಳಗೆ ಸೀಳಿದ ಬಾರು ತೂರಿಸಿ, ಸೂರ್ಯನ ಸುತ್ತ ಕಿರಣ ಕಿರಣವಾಗಿ ಬಿಗಿದ. ಸರಿ, ಅದು ಹಾಗೇ ಇರಬೇಕಾದದ್ದು. ಆದರೆ ಎರಡೂ ಬಗಲಲ್ಲಿ ಕವಚವನ್ನು ಕಟ್ಟುವ ಕಡೆಯೂ ಅವನು ಮಾಡಿದ್ದು ಅದನ್ನೇ. ಹಸಿ ತೊಗಲಿನ ಬಾರನ್ನು ನೆನೆಸಿ, ನೀರಿನ ಚೀಲಕ್ಕೆ ಹಾಕುವ ಗಂಟು ಹಾಕಿ, ತುದಿಯನ್ನು ಒಳಗೆ ಹುಗಿಸುವುದು. ಒಣಗಿದಂತೆ ಅದು ಬಿಗಿಯುತ್ತದೆ; ಬಾವಿಯಲ್ಲಿ ಎಷ್ಟು ವರ್ಷ ಮುಳುಗಿ ಎದ್ದರೂ ಬಿಚ್ಚುವುದಿಲ್ಲ. ಹುಟ್ಟಿದಾಗಿನಿಂದ ಬಿಚ್ಚಿಕೊಳ್ಳದ ವಸ್ತುಗಳನ್ನೇ ಮಾಡಿದ ಮನುಷ್ಯನಿಗೆ, ಬಿಚ್ಚಲೆಂದೇ ಮಾಡುವ ಗಂಟು ಎಲ್ಲಿಂದ ನೆನಪಾಗಬೇಕು? ಆಟದ ಸಂಜೆ ಬಂಡೆಪ್ಪನಿಗೆ ಕವಚ ತೊಡಿಸಿ, ಹಲ್ಲು ಕಚ್ಚಿ ಬಾರು ಎಳೆದು, ಇದು ಹರಿಯಲಿ ನೋಡೋಣ ಎಂದು ಬೆನ್ನು ತಟ್ಟಿ ಕಳಿಸಿದ.

ಕರ್ಣ ಪರದೆ ಸರಿಸಿ ಅಟ್ಟದ ಮೇಲೆ ಕಾಲಿಟ್ಟಾಗ ಒಂದು ಗಳಿಗೆ ಮದ್ದಳೆಯವನೂ ಬಾರಿಸುವುದು ಮರೆತ. ಗ್ಯಾಸ್ ಬತ್ತಿಯ ಬೆಳಕಿಗೆ ಎದೆಯ ಸೂರ್ಯ ಹೊಳೆಯಿತು, ಭುಜದ ಸಿಂಹಗಳು ಬಾಯಿ ತೆರೆದವು. ಹಿಂದೆ ಕುಂತವರು ಎದ್ದು ನಿಂತರು, ಅವರ ಹಿಂದಿನವರು ಬಂಡಿ ಹತ್ತಿದರು. ಎಲ್ಲರ ತಲೆ ಮೇಲಕ್ಕೆ. ಜನರ ಅಂಚಿನಲ್ಲಿ ಕಂಬಳಿ ಹೊದ್ದು ಕುಂತಿದ್ದ ದುರ್ಗಪ್ಪ ಕರ್ಣನನ್ನು ನೋಡಲಿಲ್ಲ, ನೋಡುವವರನ್ನು ನೋಡಿದ. ಪಕ್ಕದಲ್ಲಿದ್ದ ಹುಚ್ಚವ್ವನಿಗೆ ಕಾಣಬಾರದೆಂದು ಕಂಬಳಿಯ ಚುಂಗಿನಿಂದ ಮೋರೆ ಒರೆಸಿಕೊಂಡ. ಅವಳಿಗೆ ಕಾಣದೇ ಇರುತ್ತದೆಯೇ!

ಮೂಡಣ ಬೆಳ್ಳಗಾಗುವ ಹೊತ್ತಿಗೆ ಇಂದ್ರ ಬಂದ. ಮುತ್ತಪ್ಪ ಕೋಲೂರಿ, ಕೆಮ್ಮಿ, ದಾನ ಬೇಡಿದ. ಬಂಡೆಪ್ಪ ಕೊಟ್ಟೆ ಎಂದು ಗುಡುಗಿ ಬಗಲಿಗೆ ಕೈ ಹಾಕಿದ. ಗಂಟು ಜಗ್ಗಲಿಲ್ಲ. ಇಡೀ ರಾತ್ರಿ ಮೈಯ ಕಾವಿಗೂ ಬತ್ತಿಯ ಕಾವಿಗೂ ಒಣಗಿ ಅದು ಕಲ್ಲಾಗಿತ್ತು. ಇನ್ನೊಂದು ಬಗಲು ನೋಡಿದ, ಅದೂ ಅಷ್ಟೆ. ಮಾಸ್ತರರು ಕೊಟ್ಟೆನೆಂಬ ಪದವನ್ನೇ ಮತ್ತೊಮ್ಮೆ ಹಾಡಿದರು. ಮುತ್ತಪ್ಪ ಮುದುಕನ ವೇಷ ಮರೆತು ಕೋಲು ಬಿಸಾಡಿ, ಎರಡೂ ಕೈಯಿಂದ ಕವಚ ಹಿಡಿದು ಎಳೆದ. ಕವಚ ಬರಲಿಲ್ಲ, ಕರ್ಣನೇ ಬಂದ. ಜನರಲ್ಲಿ ಅಲ್ಲೊಂದು ಇಲ್ಲೊಂದು ನಗು ಹುಟ್ಟಿತು. ಹೋದ ವರ್ಷ ಉದುರಿ ಕೆಟ್ಟಿತ್ತು, ಈ ವರ್ಷ ಉದುರದೆ ಕೆಡುತ್ತಿದೆ. ಮಾಸ್ತರರು ತಾಳ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ದುರ್ಗಪ್ಪ ಕುಂತಿದ್ದ ಕತ್ತಲಂಚಿನ ಕಡೆ ನೋಡಿದರು.

ದುರ್ಗಪ್ಪ ಎದ್ದು ಸಂದಿ ಹಿಡಿದು ಮನೆಗೆ ಹೋಗಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಗಂಟನ್ನು ಬಿಚ್ಚುವ ದಾರಿ ಇಲ್ಲ, ಬಾರಿನ ತುದಿ ಒಳಗೆ ಹುಗಿದುಹೋಗಿದೆ, ಕಲ್ಲಾದ ಗಂಟಿಗೆ ಅಲಗು ಇಳಿಯದು, ತೊಗಲನ್ನೇ ಸೀಳಬೇಕು. ಊರು ತಲೆ ಎತ್ತಿ ನೋಡಿದ್ದನ್ನು ಊರ ಮುಂದೆಯೇ ತನ್ನ ಕೈಯಾರೆ ಸೀಳಬೇಕು. ಅಷ್ಟರಲ್ಲಿ ಅಟ್ಟದ ಮೇಲಿನಿಂದ ಬಂಡೆಪ್ಪನ ಕಂಠ ಕೇಳಿತು. ಬಿದ್ದರೂ ಪಾತ್ರ ಬಿಡದ ಆಳು ಅವನು.

“ಎಲೈ ವಿಪ್ರನೇ, ತಾಳು! ಈ ಕವಚವನ್ನು ಬಿಡಿಸಲು ನನ್ನಿಂದಾಗದು, ನಿನ್ನಿಂದಲೂ ಆಗದು. ಇದನ್ನು ಹೊಲಿದವನೇ ಬರಬೇಕು!”

ದುರ್ಗಪ್ಪ ಸೊಂಟದ ಚೀಲದಿಂದ ತೊಗಲು ಕೊಯ್ಯುವ ರಂಪಿಗೆ ತೆಗೆದ. ಕಂಬಳಿ ಹುಚ್ಚವ್ವನ ಮೇಲೆ ಹಾಕಿದ. ಕುಂತವರ ನಡುವೆ ದಾರಿ ಮಾಡಿಕೊಂಡು ಹೋಗಿ ಅಟ್ಟ ಹತ್ತಿದ. ಅವನ ಕೇರಿಯವರು ಯಾರೂ ಅದನ್ನು ಹತ್ತಿದ್ದಿಲ್ಲ. ನಗು ನಿಂತಿತು.

ದೊಡ್ಡಾಟದಲ್ಲಿ ಒಂದು ಕಟ್ಟಳೆ ಇದೆ. ಅಟ್ಟಕ್ಕೆ ಯಾರೇ ಬರಲಿ, ದೇವೇಂದ್ರನೇ ಬರಲಿ, ಸಾರಥಿ ಅವರನ್ನು ತಡೆದು ಹೆಸರು ಕೇಳಬೇಕು, ಬಂದ ಕಾರಣ ಕೇಳಬೇಕು. ಹೇಳದೆ ಒಂದು ಹೆಜ್ಜೆ ಮುಂದಿಡುವಂತಿಲ್ಲ. ಪಂಢರೀನಾಥ ಮಾಸ್ತರರು ರಂಪಿಗೆ ಹಿಡಿದು ನಿಂತಿದ್ದ ದುರ್ಗಪ್ಪನನ್ನು ನೋಡಿದರು. ತಾಳ ಒಮ್ಮೆ ತಟ್ಟಿದರು.

“ಬರಬೇಕು, ಬರಬೇಕು! ತಾವು ಯಾರು? ತಮ್ಮ ಹೆಸರೇನು? ಈ ಸಭೆಗೆ ಬಂದ ಕಾರಣವೇನು?”

ಕಿರೀಟ ತೊಟ್ಟವರನ್ನು ಕೇಳುವ ಅದೇ ದನಿ, ಅದೇ ಬಹುವಚನ.

“ನಾ ಗುಡೂರ ದುರ್ಗಪ್ಪರಿ. ಈ ಕವಚಾ ಹೊಲದಾಂವ. ಬಿಚ್ಚಿ ಕೊಡಾಕ ಬಂದೇನಿ.”

ಯಾರೂ ನಗಲಿಲ್ಲ. ದುರ್ಗಪ್ಪ ಬಗಲಿಗೆ ರಂಪಿಗೆ ಹಚ್ಚಿ, ಉಸಿರು ಬಿಗಿಹಿಡಿದು, ಸೊಂಟದ ತನಕ ಸೀಳಿದ. ಸೀಳುವ ಸಪ್ಪಳ ಬಂಡಿಯ ಮೇಲಿದ್ದವರಿಗೂ ಕೇಳಿತು. ಇನ್ನೊಂದು ಬಗಲನ್ನೂ ಸೀಳಿದ. ಕವಚ ಕಳಚಿ ಅವನ ತೋಳಿಗೆ ಬಿತ್ತು.

ಆಗ ಜನ ಹಾ ಎಂದರು. ಕವಚದ ಒಳಮೈಯಲ್ಲಿ ಸೂರ್ಯನನ್ನು ಬಿಗಿದಿದ್ದ ಬಾರು ಇಡೀ ರಾತ್ರಿ ಒತ್ತಿ ಒತ್ತಿ, ಬಂಡೆಪ್ಪನ ಬರಿಯ ಎದೆಯ ಮೇಲೆ ದುಂಡಗೆ, ಸುತ್ತಲೂ ಕಿರಣವಿಟ್ಟು, ಕೆಂಪಗೆ ಒಬ್ಬ ಸೂರ್ಯ ಮೂಡಿದ್ದ. ಕರ್ಣ ಕವಚವನ್ನು ಮೈಯಿಂದ ಸುಲಿದುಕೊಟ್ಟನೆಂದು ಪದದಲ್ಲಿ ಕೇಳಿದ್ದ ಜನ ಅಂದು ಕಣ್ಣಾರೆ ಕಂಡರು. ಮುಂದೆ ಕುಂತ ಮುದುಕಿಯರು ಕೈ ಮುಗಿದರು. ಕವಚವನ್ನು ಇಸಿದುಕೊಂಡ ಮುತ್ತಪ್ಪ ಅದರ ಭಾರಕ್ಕೆ ಎರಡು ಹೆಜ್ಜೆ ವಾಲಾಡಿದ, ಜನ ನಕ್ಕರು, ಆದರೆ ಕಣ್ಣು ಒರೆಸಿಕೊಳ್ಳುತ್ತ ನಕ್ಕರು.

ದುರ್ಗಪ್ಪ ತನ್ನ ಕೆಲಸ ಮುಗಿಯಿತೆಂದು ಮೆಲ್ಲಗೆ ಅಟ್ಟದ ಅಂಚಿಗೆ ಸರಿದು ಇಳಿಯಲು ಕಾಲು ಕೆಳಗೆ ಬಿಟ್ಟ. ಮಾಸ್ತರರು ತಾಳದ ಕೈಯಿಂದಲೇ ಅವನ ರಟ್ಟೆ ಹಿಡಿದರು.

“ಎಲ್ಲಿಗೆ ಹೊಂಟಿ? ಹೆಸರು ಹೇಳಿ ಒಳಗ ಬಂದ ಪಾತ್ರ ಮಂಗಳ ಆಗೂತನಕ ಇಳಿಯೂವಂಗಿಲ್ಲ. ನಿಂದ್ರು.” ಆಮೇಲೆ ದನಿ ತಗ್ಗಿಸಿ, ಮುಂದಿನ ವರ್ಷದ್ದಕ್ಕೆ ಜಾರುಗಂಟು ಹಾಕೆಂದು ಬೈದರು.

ಹೊತ್ತು ಮೂಡಿತು. ಕರ್ಣ, ಇಂದ್ರ, ಕೃಷ್ಣ, ಅರ್ಜುನ ಎಲ್ಲರೂ ಸಾಲಾಗಿ ನಿಂತರು. ಅವರ ನಡುವೆ ಗಿಡ್ಡ ಧೋತರದ, ಕೈಯಲ್ಲಿ ರಂಪಿಗೆ ಹಿಡಿದ ದುರ್ಗಪ್ಪನೂ ನಿಂತ. ಆರತಿಯ ತಟ್ಟೆ ದೇವರಿಂದ ರಾಜರಿಗೆ, ರಾಜರಿಂದ ಅವನಿಗೆ ಬಂತು. ಊರೆಲ್ಲ ತಲೆ ಎತ್ತಿ ನೋಡುತ್ತಿತ್ತು. ಅವನು ರಂಪಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಆರತಿ ತಗೊಂಡು ಕಣ್ಣಿಗೊತ್ತಿಕೊಂಡ.