ಕುಕ್ಕರಿನ ರಬ್ಬರು

ಗುಂಯ್ ಎಂದು ಮೋಟಾರು ತಿರುಗುತ್ತಿತ್ತು. ಅಂಧೇರಿಯ ಕಾಲೇಜೊಂದರ ಮೂರನೆಯ ಮಹಡಿಯ ಲ್ಯಾಬಿನಲ್ಲಿ ಅಂಜುಮಳ ಬೆಳಗು ಒಂದು ವರ್ಷದಿಂದ ಈ ಸದ್ದಿನಿಂದಲೇ ಶುರುವಾಗುತ್ತಿದೆ. ಹಳೆಯ ಮಿಕ್ಸರಿನ ಮೋಟಾರು. ಅದರ ಮೇಲೆ ಗಾಜಿನ ಚೂರೊಂದನ್ನು ಕೂರಿಸಿ ಒಂದು ಹನಿ ದ್ರಾವಣ ಬಿಟ್ಟರೆ, ತಿರುಗುವ ರಭಸಕ್ಕೆ ಹನಿ ಹರಡಿ ಕೂದಲಿಗಿಂತ ತೆಳುವಾದ ಪದರವಾಗುತ್ತದೆ. ಬಿಸಿಲಿನಿಂದ ವಿದ್ಯುತ್ ತೆಗೆಯುವ ಪದರ. ಇದೇ ಯಂತ್ರದ ಬಲದ ಮೇಲೆ ಅವಳು ಜರ್ಮನಿಯ ಒಂದು ವಿಶ್ವವಿದ್ಯಾಲಯದ ಪಿಎಚ್‌ಡಿಗೆ ಅರ್ಜಿ ಹಾಕಿದ್ದಾಳೆ. ಶಿಫಾರಸು ಪತ್ರ ಅಲ್ಲಿಗೆ ತಲುಪಲು ಇಂದೇ ಕಡೆಯ ದಿನ.

ಅವಳ ಅಪ್ಪ ಮುರ್ತುಜಾ ಬೊರಿವಲಿ ಸ್ಟೇಷನ್ನಿನ ಹೊರಗೆ ಬಟ್ಟೆ ಹೊಲಿಯುತ್ತಾರೆ. ವಿಜಯಪುರದ ಕಡೆಯವರು. ಮನೆಯಲ್ಲಿ ಆಡುವುದು ದಖನಿ ಉರ್ದು. ಅಂಜುಮಳಿಗೆ ಕನ್ನಡ ಸ್ವಲ್ಪ ಅಜ್ಜಿಯಿಂದ ಬಂದದ್ದು, ಉಳಿದದ್ದು ಲ್ಯಾಬಿನ ಅಟೆಂಡರ್ ಚಂದ್ರಾಮನಿಂದ. ಇಂಡಿ ತಾಲ್ಲೂಕಿನ ಆತ ಇಪ್ಪತ್ತಾರು ವರ್ಷಗಳಿಂದ ಇಲ್ಲಿ ಬಾಟಲಿ ತೊಳೆಯುತ್ತಿದ್ದಾನೆ.

ಯಂತ್ರ ಕಟ್ಟಿದವನು ಅವನೇ. ಅಂಜುಮ ಲೆಕ್ಕ ಹಾಕಿದ್ದಳು, ಕಾಗದದ ಮೇಲೆ ಚಿತ್ರ ಬರೆದಿದ್ದಳು. ಆದರೆ ಮೋಟಾರು ನಡುಗುತ್ತಿತ್ತು, ಪದರ ಒಡೆಯುತ್ತಿತ್ತು. ನಾಲ್ಕು ತಿಂಗಳು ಹೀಗೇ ಹೋದವು. ಒಂದು ದಿನ ಚಂದ್ರಾಮ ಮನೆಯಿಂದ ಕುಕ್ಕರಿನ ಹೊಸ ರಬ್ಬರು ತಂದು, ತುಂಡು ಮಾಡಿ ಮೋಟಾರಿನ ಕೆಳಗಿಟ್ಟ. ನಡುಕ ನಿಂತಿತು.

ಶಿಫಾರಸು ಪತ್ರ ಕೇಳಿದಾಗ ಅವಳ ಪ್ರಾಜೆಕ್ಟಿನ ಗೈಡ್ ಮಾಧುರಿ ಮೇಡಂ ಎಲ್ಲ ವಿದ್ಯಾರ್ಥಿಗಳಿಗೂ ಹೇಳುವುದನ್ನೇ ಅವಳಿಗೂ ಹೇಳಿದ್ದರು: ನೀನೇ ಬರೆದು ತಾ, ನಾನು ಸಹಿ ಮಾಡಿ ಕಳಿಸುತ್ತೇನೆ. ತನ್ನನ್ನು ತಾನೇ ಹೊಗಳಿಕೊಳ್ಳಲು ಅಂಜುಮ ಮೂರು ದಿನ ಒದ್ದಾಡಿದಳು. ‘ಈಕೆ ಚುರುಕು’ ಎಂದು ಬರೆದು ಅಳಿಸಿದಳು. ಒಂದು ವಾಕ್ಯ ಮಾತ್ರ ತಡೆಯಿಲ್ಲದೆ ಬಂತು: ಈ ಯಂತ್ರವನ್ನು ಅವಳು ಯಾರ ನೆರವೂ ಇಲ್ಲದೆ ಕಟ್ಟಿದಳು. ಪತ್ರವನ್ನು ಹಾಗೆಯೇ ಮೇಡಂಗೆ ಕೊಟ್ಟುಬಂದಳು.

ಅಷ್ಟು ಸಲೀಸಾಗಿ ಬಂದದ್ದೇ ಆಮೇಲೆ ಚುಚ್ಚತೊಡಗಿತು. ಲೋಕಲ್ ರೈಲಿನಲ್ಲಿ ನಿಂತಾಗ ಚುಚ್ಚಿತು. ಪಕ್ಕದ ಮನೆಯ ಕುಕ್ಕರು ಸೀಟಿ ಹಾಕಿದಾಗ ಚುಚ್ಚಿತು. ಇಂದು ಅವಳ ಚೀಲದಲ್ಲಿ ಪತ್ರದ ಹೊಸ ಪ್ರತಿಯಿತ್ತು, ಅದರಲ್ಲಿ ಚಂದ್ರಾಮನ ಹೆಸರಿತ್ತು. ಮೇಡಂ ಕಳಿಸುವ ಮೊದಲೇ ಅದನ್ನು ಕೊಡಬೇಕು. ಮೋಟಾರು ಒಂದು ಸಲ ನೋಡಿ ಹೋದರಾಯಿತು ಎಂದುಕೊಂಡು ಅರ್ಧ ಗಂಟೆ ಕಳೆದಿದ್ದಳು.

ಚಂದ್ರಾಮ ಅರ್ಧ ಗ್ಲಾಸಿನ ಎರಡು ಕಟಿಂಗ್ ಚಹಾ ಹಿಡಿದು ಬಂದ.

“ಏನವ್ವಾ, ಜರ್ಮನಿಗೆ ಹೊಂಟಾಕಿ ಇನ್ನೂ ಗಿರಗಿಟ್ಟಿ ತಿರುಗಸ್ಕೋತ ಕುಂತೀಯಲ್ಲ?”

“ಕಾಕಾ, ಮೇಡಂ ಬಂದಾರ?”

“ಬಂದ್ರು. ನಿನ್ನ ಪತ್ರಾನೂ ಕಳಿಸಿದ್ರು. ಸಹಿ ಮಾಡಿದ್ದನ್ನ ನಾನೇ ಸ್ಕ್ಯಾನ್ ಮಾಡಿ ಕೊಟ್ಟೀನಿ.”

ಅಂಜುಮ ಸ್ವಿಚ್ಚು ಆರಿಸಿದಳು.

“ಕಾಕಾ, ಅದ್ರಾಗ ನಾ... ವೋ ಮಶೀನ್ ಕಾ...” ಕನ್ನಡ ಸಿಗಲಿಲ್ಲ. ಹಿಂದಿಯೂ ಸಿಗಲಿಲ್ಲ.

“ಗೊತ್ತೈತಿ ಬಿಡು. ಸಹಿ ಮಾಡೂಕಿಂತ ಮೊದಲ ಮೇಡಂ ನನ್ನ ಕೇಳಿದ್ರು. ಚಂದ್ರಾಮ, ಈ ಪೋರಿ ಖರೇನೇ ಒಬ್ಬಾಕಿನೇ ಮಾಡ್ಯಾಳೇನು ಅಂತ.”

“ನೀವ್ ಏನಂದ್ರಿ?”

“ಏನಂತೀನಿ? ನಾ ಬಾಟಲಿ ತೊಳದೀನ್ರಿ, ಮಶೀನ್ ಪೂರಾ ಆಕೀದೇ ಅಂದೆ.” ಅವನು ನಕ್ಕ. “ಅಟೆಂಡರ್ ಮಾಡ್ಯಾನಂದ್ರ ಅಲ್ಲಿ ಮಂದಿ ನಿನಗ ಸೀಟ್ ಕೊಡ್ತಾರೇನು, ಹುಚ್ಚಿ?”

ಇನ್ನು ಮೇಡಂ ಹತ್ತಿರ ಹೋಗಿ ನಿಜ ಹೇಳಿದರೆ ಚಂದ್ರಾಮನೇ ಸುಳ್ಳುಗಾರನಾಗುತ್ತಾನೆ. ಹಾಗಾದರೆ ಹೇಳುವಂತಿಲ್ಲ. ಆ ನೆಪ ಸಿಕ್ಕಿದ್ದಕ್ಕೆ ಅಂಜುಮಳ ಎದೆ ಹಗುರವಾಯಿತು. ಹಗುರವಾದದ್ದು ಅವಳಿಗೇ ಗೊತ್ತಾಯಿತು. ಮುಖ ಬಿಸಿಯಾಯಿತು. ಚಹಾದ ಗ್ಲಾಸಿಗೆ ಕೈ ಚಾಚಲಾಗಲಿಲ್ಲ.

“ಆದ್ರ ನಮ್ಮನ್ಯಾಕಿ ಮುಂದ ಬಾಯಿ ಬಿಡಬ್ಯಾಡ ಮತ್ತ,” ಚಂದ್ರಾಮ ಮೋಟಾರಿನ ಮೇಲಿನ ಧೂಳು ಒರೆಸುತ್ತ ಹೇಳುತ್ತಿದ್ದ. “ಹೊಸಾ ರಬ್ಬರ್ ಯಾವ ಕಳ್ಳ ಒಯ್ದ ಅಂತ ಹನುಮವ್ವ ಇನ್ನೂ ಬೈತಾಳ. ಎರಡ ದಿನ ಬ್ಯಾಳಿನೇ ಬೇಯಲಿಲ್ಲ ನಮಗ...”

ಅಂಜುಮ ಚೀಲ ಹೆಗಲಿಗೆ ಹಾಕಿಕೊಂಡಳು. ಮೇಡಂ ಕೋಣೆ ಎಡಕ್ಕಿತ್ತು. ಅವಳು ಬಲಕ್ಕೆ, ಮೆಟ್ಟಿಲ ಕಡೆ ನಡೆದಳು.

“ಜರ್ಮನ್ಯಾಗ ಚಲೋ ರಬ್ಬರ್ ಸಿಗತಾವೇನ ನೋಡವ್ವಾ,” ಬೆನ್ನ ಹಿಂದೆ ದನಿ ಬರುತ್ತಲೇ ಇತ್ತು, “ಐದ ಲೀಟರಿನ ಕುಕ್ಕರಿಂದು. ಒಂದು... ಏ ಅಂಜುಮ, ಚಹಾ?”