ರೆಕಾರ್ಡಿನ ಅಂಚಿನಲ್ಲಿ ಒಂದು ಬೆರಳು

ಹಲ್ಲಿನ ಸೆಟ್ಟು ಮಾಡುವವನು ತುಂಬಿದ ಸಭಾಂಗಣದಲ್ಲಿ ಒಡಹುಟ್ಟಿದ ಅಕ್ಕನ ಡ್ರಮ್ ಮಷಿನ್ನಿನ ಪ್ಲಗ್ ಕಿತ್ತುಹಾಕಿದನಂತೆ. ಚಪ್ಪಾಳೆಯೆಲ್ಲ ಅವಳ ಪಾಲಾಯಿತೆಂಬ ಹೊಟ್ಟೆಕಿಚ್ಚಂತೆ. ಬಡಾವಣೆಯಲ್ಲಿ ಹಬ್ಬಿದ ಸುದ್ದಿ ಇದು. ಬಾಯಿಂದ ಬಾಯಿಗೆ ದಾಟುವಾಗ ಸುದ್ದಿಗೆ ಕೈಕಾಲು ಮೂಡುವುದು ಸಹಜ. ಪಕ್ಕದ ಬೀದಿಯನ್ನು ತಲುಪುವಷ್ಟರಲ್ಲಿ ಅವನು ಆ ಮಷಿನ್ನನ್ನು ಕಿಟಕಿಯಿಂದಾಚೆ ಎಸೆದೂ ಆಗಿತ್ತು.

ನಡೆದದ್ದು ಇಷ್ಟು. ಅವನು ಪ್ಲಗ್ ಕಿತ್ತದ್ದು ನಿಜ. ಅಕ್ಕನ ಮಷಿನ್ನಿನದನ್ನೇ ಕೀಳಲು ಬಗ್ಗಿದ್ದನೆಂಬುದೂ ನಿಜ. ಆದರೆ ಮೇಜಿನಡಿ ಸಿಕ್ಕುಸಿಕ್ಕಾಗಿ ಬಿದ್ದಿದ್ದ ವೈರುಗಳ ನಡುವೆ ಕೈಗೆ ಬಂದದ್ದು ಅವನದೇ ರೆಕಾರ್ಡ್ ಪ್ಲೇಯರಿನ ಪ್ಲಗ್. ತಿರುಗುತ್ತಿದ್ದ ತಟ್ಟೆ ಸುಸ್ತಾಯಿತು. ಹಾಡುಗಾರ್ತಿಯ ದನಿ ಬಾವಿಗಿಳಿದ ಕೊಡದಂತೆ ಆಳಕ್ಕಿಳಿದು ಮುಳುಗಿತು. ಅಕ್ಕನ ಮಷಿನ್ ಮಾತ್ರ ಏನೂ ಆಗಿಲ್ಲವೆಂಬಂತೆ ಢಂ ಢಂ ಎನ್ನುತ್ತಲೇ ಇತ್ತು. ಇದೂ ಒಂದು ಚಮತ್ಕಾರವೆಂದು ಬಗೆದ ಜನ ಕೇಕೆ ಹಾಕಿ ಕುಣಿದರು. ಇನ್ನು ಹೊಟ್ಟೆಕಿಚ್ಚು: ಅದು ಹುಟ್ಟಿದ್ದು ಆಮೇಲೆ.

ದಂತವೈದ್ಯರ ಕ್ಲಿನಿಕ್ಕಿನ ಹಿಂಬದಿಯ ಕೋಣೆ ಅವನ ಕಾರ್ಯಕ್ಷೇತ್ರ. ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕುಳಿತು ಅವನನ್ನು ನೋಡಿ ನಗುತ್ತಿರುತ್ತವೆ. ಅವನು ಅವುಗಳಿಗೆ ಬೆನ್ನುಹಾಕಿ, ಯಾರದೋ ಬಾಯಿಗೆ ಹೋಗಬೇಕಾದ ಹಲ್ಲನ್ನು ಕೂದಲೆಳೆಯಷ್ಟು ಉಜ್ಜಿ, ಬೆರಳಿನಿಂದ ಸವರಿ, ಮತ್ತೆ ಉಜ್ಜುತ್ತಾನೆ. ಯಾವುದನ್ನೂ ಇದ್ದಂತೆ ಇರಗೊಡದ ಆ ಬೆರಳನ್ನೇ ಅವನು ಭಾನುವಾರ ಮಧ್ಯಾಹ್ನ ಸಭಾಂಗಣಕ್ಕೂ ಕರೆದೊಯ್ಯುತ್ತಿದ್ದ. ಹಳೆಯ ಹಾಡುಗಳ ರೆಕಾರ್ಡು ಹಾಕಿ ಊರಿನವರನ್ನು ಕುಣಿಸುವುದು ಅವನ ಬಹುಕಾಲದ ವ್ರತ. ಲಾಂಡ್ರಿ ನಡೆಸುವ ಅಕ್ಕ ತಾನೇ ತಾಳ ಬಾರಿಸುವ ಒಂದು ಡ್ರಮ್ ಮಷಿನ್ ತಂದು ಪಕ್ಕದಲ್ಲಿ ನಿಂತದ್ದು ಇತ್ತೀಚೆಗೆ. ಹಳೆಯ ಹಾಡಿನಡಿ ಅವಳು ಹೊಸ ಬಡಿತ ಸೇರಿಸಿದಾಗ, ಮೊಣಕಾಲು ನೋವೆಂದು ಗೋಡೆಗೊರಗಿದ್ದವರೂ ಎದ್ದು ಬಂದಿದ್ದರು.

ತೊಡಕು ಇದ್ದದ್ದು ಒಂದೇ ಕಡೆ. ಮಷಿನ್ನಿನ ಬಡಿತ ಕಲ್ಲಿನಂಥದು, ಅಲುಗದು. ರೆಕಾರ್ಡಿನೊಳಗೆ ಬಾರಿಸಿದವನು ಮನುಷ್ಯ. ಪಲ್ಲವಿಯಲ್ಲಿ ಹುರುಪಿಗೆ ಓಡುತ್ತಾನೆ, ಚರಣದಲ್ಲಿ ಆಕಳಿಸುತ್ತಾನೆ. ಎರಡನ್ನೂ ಕೂಡಿಸುವ ತಂತಿ ಯಾವುದೂ ಇಲ್ಲ. ಕಿವಿಯಿಂದ ಕೇಳಿ ಕೈಯಿಂದ ಸರಿಪಡಿಸುತ್ತಲೇ ಇರಬೇಕು. ಅಕ್ಕತಮ್ಮಂದಿರ ಹೊಂದಾಣಿಕೆ ಹಾಡಿನ ಮೊದಲ ಚರಣದವರೆಗೆ ಹೇಗೋ ನಡೆದು, ಆಮೇಲೆ ಕುಂಟತೊಡಗುತ್ತಿತ್ತು. ಮಷಿನ್ ಕೆಟ್ಟಿದೆಯೆಂದು ಅವನು, ರೆಕಾರ್ಡು ಸೊಟ್ಟಗಾಗಿದೆಯೆಂದು ಅವಳು. ಆ ಭಾನುವಾರ ಕುಂಟಾಟ ಮಿತಿಮೀರಿದಾಗಲೇ ಅವನು ಮೇಜಿನಡಿ ಬಗ್ಗಿದ್ದು.

ಮರುದಿನ ಸಭಾಂಗಣದ ಮೇಲ್ವಿಚಾರಕರು ದವಡೆ ತೋರಿಸುವ ನೆವದಲ್ಲಿ ಕ್ಲಿನಿಕ್ಕಿಗೆ ಬಂದು, ಹಿಂದಿನ ಕೋಣೆಗೆ ಇಣುಕಿದರು.

"ಪಾಪ, ನಿಮಗೂ ವಾರವೆಲ್ಲ ದುಡಿತ. ಈ ಭಾನುವಾರ ರೆಸ್ಟ್ ತಗೊಳ್ಳಿ. ಅಕ್ಕನವರೊಬ್ಬರೇ ಬಂದ್ರೂ ನಡೆಯುತ್ತೆ."

ಹೊಟ್ಟೆಕಿಚ್ಚು ಹುಟ್ಟಿದ ಗಳಿಗೆ ಇದು. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ: ಅಕ್ಕ ಅವನ ಫೋನನ್ನು ಎತ್ತಿರಲಿಲ್ಲ. ಅವಳು ಜೊತೆಗೆ ನಿಲ್ಲದಿದ್ದರೆ ಅವನ ಭಾನುವಾರವೂ ಉಳಿದ ದಿನಗಳಂತೆ ಗೋಡೆ ನೋಡುವ ದಿನವಾಗುತ್ತಿತ್ತು. ಬಿಗುಮಾನವನ್ನು ಜೇಬಿಗೆ ಹಾಕಿಕೊಂಡು, ಅವರಿಬ್ಬರೂ ಎಂದೂ ಹೊಂದಿಸಲಾಗದೆ ಕೈಚೆಲ್ಲಿದ್ದ ರೆಕಾರ್ಡೊಂದನ್ನು ಕಂಕುಳಲ್ಲಿಟ್ಟುಕೊಂಡು, ಊಟದ ಬಿಡುವಿನಲ್ಲಿ ಲಾಂಡ್ರಿಗೆ ಹೋದ. ಅಭ್ಯಾಸಕ್ಕೆಂದು ಅಲ್ಲಿ ಅಕ್ಕನ ಮಷಿನ್ನಿನ ಪಕ್ಕ ಹಳೆಯದೊಂದು ಪ್ಲೇಯರ್ ಇತ್ತು.

ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಏನಪ್ಪಾ, ಇಲ್ಲೂ ಏನಾದ್ರೂ ಕೀಳೋದಿದ್ಯಾ? ಇಸ್ತ್ರಿದೂ ಅಲ್ಲೇ ಇದೆ ನೋಡು, ಪ್ಲಗ್ಗು."

"ತಪ್ಪಾಯ್ತು ಅಂತ ಹೇಳೋಕೆ ಬಂದೆ ಕಣಕ್ಕಾ."

"ಹೇಳು ಮತ್ತೆ."

"ಹೇಳಿದ್ನಲ್ಲ ಈಗ!"

"ಬಂದೆ ಅಂದೆ. ಹೇಳಲಿಲ್ಲ."

ಹೇಳಿದ. ಅಕ್ಕ ಒಂದು ಕಾಲರನ್ನು ಒತ್ತಿ ಮುಗಿಸುವವರೆಗೂ ಅವನನ್ನು ಕಾಯಿಸಿದಳು. "ಹಾಕು ಅದನ್ನ. ಒಂದೇ ಒಂದು ಸಲ. ಇದೂ ಕುಂಟಿದ್ರೆ ನಿನ್ ದಾರಿ ನಿಂಗೆ, ನನ್ ದಾರಿ ನಂಗೆ."

ಅವನು ಸೂಜಿ ಇಟ್ಟ. ಅವಳು ಹಾಡಿನ ನಡೆಯನ್ನು ಹಿಡಿದು ಬಡಿತ ಸೇರಿಸಿದಳು. ಅಷ್ಟರಲ್ಲಿ ಇಸ್ತ್ರಿ ಮಾಡಿಟ್ಟ ಅಂಗಿಗಳ ರಾಶಿ ಮೇಜಿನ ತುದಿಯಿಂದ ಜಾರತೊಡಗಿತು. "ಹಿಡಿಯೋ, ಹಿಡಿಯೋ! ಸುಕ್ಕಾದ್ರೆ ನಿನ್ ಕೈಲೇ ಇಸ್ತ್ರಿ ಮಾಡಿಸ್ತೀನಿ." ಅವನು ಎರಡೂ ಕೈ ಚಾಚಿ ರಾಶಿಯನ್ನು ಎತ್ತಿಕೊಂಡ, ಇಡಲು ಜಾಗವಿಲ್ಲದೆ ಹಾಗೆಯೇ ನಿಂತ. ಮೊದಲ ಚರಣ ಬಂತು. ಹಾಡು ಒಂದಿಷ್ಟು ಹಿಂದೆ ಬಿತ್ತು. ಅವನ ತೋರುಬೆರಳು ಅಂಗಿಗಳಡಿಯಲ್ಲಿ ಚಡಪಡಿಸಿತು. ಅಕ್ಕ ಮಷಿನ್ನಿನ ವೇಗದ ಗುಂಡಿಯನ್ನು ತುಸುವೇ ತಿರುಗಿಸಿದಳು. ಬಡಿತ ಹಾಡಿನ ಪಕ್ಕಕ್ಕೆ ಬಂದು ಕುಳಿತಿತು. ಎರಡನೆಯ ಚರಣವೂ ಹಾಗೆಯೇ ದಾಟಿತು. ಹಾಡು ಮುಗಿಯುವವರೆಗೂ ಕುಂಟಲಿಲ್ಲ.

ಇಬ್ಬರೂ ಮುಖಮುಖ ನೋಡಿಕೊಂಡರು.

ಇಷ್ಟು ದಿನವೂ ಹಾಡು ಹಿಂದೆ ಬಿದ್ದೊಡನೆ ಅವಳು ಮಷಿನ್ನನ್ನು ನಿಧಾನಿಸುತ್ತಿದ್ದಳು; ಅದೇ ಕ್ಷಣ ಅವನು ರೆಕಾರ್ಡಿನ ಅಂಚನ್ನು ಮುಂದಕ್ಕೆ ತಳ್ಳುತ್ತಿದ್ದ. ಇಕ್ಕಟ್ಟಾದ ಓಣಿಯಲ್ಲಿ ಎದುರಾದ ಇಬ್ಬರು ಸಂಭಾವಿತರು ದಾರಿ ಬಿಡಲೆಂದು ಒಂದೇ ಬದಿಗೆ ಸರಿದು, ಕ್ಷಮಿಸಿ ಎಂದು ಮತ್ತೊಂದು ಬದಿಗೂ ಒಟ್ಟಿಗೇ ಸರಿಯುವಂಥ ಪಾಡು. ಇಬ್ಬರ ಕಿವಿಗೂ ಹೆಡ್‌ಫೋನ್, ಇಬ್ಬರ ಕಣ್ಣೂ ತಂತಮ್ಮ ಯಂತ್ರದ ಮೇಲೆ. ಇನ್ನೊಬ್ಬರೂ ಸರಿಪಡಿಸುತ್ತಿರಬಹುದೆಂಬ ಅನುಮಾನ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೂ ಬಂದಿರಲಿಲ್ಲ.

"ಅಂದ್ರೆ," ಎಂದಳು ಅಕ್ಕ, "ನಿನ್ ಕೈ ಕಟ್ಟಿಹಾಕಿದ್ರೆ ಸಾಕಿತ್ತು."

"ನಿನ್ ಕೈ ಕಟ್ಟಿದ್ರೂ ಸಾಕಿತ್ತು! ಕೊಡ್ತೀನಿ ತಗೋ, ಈ ಸಲ ನೀನು ಹಿಡ್ಕೋ ಅಂಗೀನ."

ಅಕ್ಕ ತಕರಾರಿಲ್ಲದೆ ರಾಶಿಯನ್ನು ತೋಳಿಗೆ ತುಂಬಿಕೊಂಡಳು. ಹಾಡು ಮತ್ತೆ ಮೊದಲಿನಿಂದ. ಈ ಬಾರಿ ಮಷಿನ್ ಅಲುಗಲಿಲ್ಲ. ಅವನೊಬ್ಬನೇ ಬೆರಳಿನಿಂದ ರೆಕಾರ್ಡನ್ನು ತಳ್ಳುತ್ತ, ತಡೆಯುತ್ತ ನಡೆಸಿದ. ಬಡಿತವೇನೋ ಕೂಡಿತು. ಆದರೆ ಬೆರಳು ತಾಗಿದಾಗೆಲ್ಲ ಹಾಡುಗಾರ್ತಿಯ ದನಿ ಒಮ್ಮೆ ಕುಗ್ಗಿತು, ಒಮ್ಮೆ ಕೀರಲಾಯಿತು. ಸಭಾಂಗಣದಲ್ಲಿ ಹೆಡ್‌ಫೋನಿನೊಳಗೆ ಬಡಿತವನ್ನಷ್ಟೇ ಹುಡುಕುತ್ತಿದ್ದವನಿಗೆ ಇದು ಹಿಂದೆಂದೂ ಕಿವಿಗೆ ಬಿದ್ದಿರಲಿಲ್ಲ. ಅಕ್ಕನ ಬಡಿತವನ್ನು ಎಳೆದರೂ ಬಿಟ್ಟರೂ ಯಾರ ಗಂಟಲಿಗೂ ನೋವಿಲ್ಲ. ಅವನ ಬೆರಳು ಹಾಡನ್ನೇ ಹಿಂಡುತ್ತಿತ್ತು.

ಅಂಗಿಗಳ ಮೇಲಿನಿಂದ ಅಕ್ಕನ ಕಣ್ಣುಗಳಷ್ಟೇ ಕಾಣುತ್ತಿದ್ದವು; ಅವು ನಗುತ್ತಿದ್ದವು.

ಅವನು ಸೂಜಿ ಎತ್ತಿದ. ಒಪ್ಪಿಕೊಳ್ಳಲು ಹಲ್ಲು ಕೀಳಿಸಿಕೊಳ್ಳುವವನಷ್ಟೇ ಹೊತ್ತು ಹಿಂದುಮುಂದು ನೋಡಿದ.

"ಹಲ್ಲುನೋವು ಬಂದವಳ ಹಾಗೆ ಹಾಡ್ತಾಳೆ, ನಾನು ಮುಟ್ಟಿದ್ರೆ."

"ನಾನಂತೂ ಹಾಗೆ ಹೇಳಲಿಲ್ಲಪ್ಪ."

"ನೀನೇ ನಡೆಸಕ್ಕಾ. ನಾನು ಮುಟ್ಟಲ್ಲ."

"ನೀನು? ಮುಟ್ಟಲ್ಲ? ಅಮ್ಮ ಒಲೆ ಮೇಲಿಟ್ಟ ಪಾತ್ರೆ ಮುಚ್ಚಳಾನೂ ಎತ್ತಿ ಸರಿಮಾಡ್ತಿದ್ದವನು ನೀನು."

"ಮುಟ್ಟಿದ್ರೆ ಎಲ್ಲರ ಮುಂದೆ ಬೈಯಿ."

"ಬೈಯೋದೇನು, ಹೊಡೀತೀನಿ," ಎಂದ ಅಕ್ಕ, ಅವನ ಎದುರಿಗೇ ಮೇಲ್ವಿಚಾರಕರಿಗೆ ಫೋನ್ ಮಾಡಿದಳು: "ಬರೋದಾದ್ರೆ ಇಬ್ಬರೂ ಬರ್ತೀವಿ ಸಾರ್. ಒಬ್ಬಳೇ ಬಂದ್ರೆ ಬೈಯೋಕೆ ಯಾರೂ ಇರಲ್ಲ."

ಮುಂದಿನ ಭಾನುವಾರ ಅವನು ಮಾತು ಉಳಿಸಿಕೊಂಡ ಬಗೆಯನ್ನು ವೀರೋಚಿತ ಎನ್ನಲಾಗದು. ಎರಡು ಬಾರಿ ಬೆರಳು ತಟ್ಟೆಯತ್ತ ಹೊರಟಿತು, ಅಕ್ಕ ಕೆಮ್ಮಿದಳು, ಬೆರಳು ದಾರಿ ಬದಲಿಸಿ ಮೂಗು ತುರಿಸಿತು. ಹಾಡುಗಳು ಕುಂಟದೆ ಕೊನೆ ಮುಟ್ಟಿದವು. ಮಾಡಲು ಬೇರೆ ಕೆಲಸವಿಲ್ಲದೆ ಅವನು ತಲೆ ಎತ್ತಿದಾಗ, ಎದುರಿಗೆ ಕುಣಿಯುತ್ತಿದ್ದ ಜನ ಕಂಡರು.

ಈಗ ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನ ಹಿಂದೆ ನಿಲ್ಲುತ್ತಾರೆ. ರೆಕಾರ್ಡು ಆರಿಸುವುದು, ಸೂಜಿ ಇಡುವುದು ತಮ್ಮನ ಕೆಲಸ. ಸೂಜಿ ಇಟ್ಟ ಮೇಲಿನ ಹೊಂದಾಣಿಕೆಯೆಲ್ಲ ಅಕ್ಕನದು.