ಬೆಳಗಿನ ಬೀಗ

ಬಿಸಿನೀರು ಚೆಲ್ಲಿ ಗಂಡನ ಎರಡೂ ಕೈಗೆ ಕಟ್ಟು ಬಿದ್ದು ಒಂಬತ್ತು ದಿನವಾಗಿತ್ತು. ಹಾಗಾಗಿ ಆ ಬೆಳಿಗ್ಗೆಯೂ ಕಂಪ್ಯೂಟರಿನ ಮುಂದೆ ಕೂತವಳು ಅವಳೇ.

ಕಣ್ಣು ಮಂದವಾದವರಿಗೆ ಅಕ್ಷರ ದೊಡ್ಡದು ಮಾಡಿ ತೋರಿಸುವ ಪ್ರೋಗ್ರಾಂ ಅವನದು. ಅದರಲ್ಲಿ ಎಳ್ಳಷ್ಟು ತಿದ್ದಿದರೂ ಕಂಪ್ಯೂಟರ್ ಮಾಡುವ ಕಂಪನಿಗೆ ಕಳಿಸಿ, ಇದರಲ್ಲಿ ಕೇಡಿಲ್ಲ ಅನ್ನುವ ಒಪ್ಪಿಗೆ ತರಿಸಬೇಕು. ಒಪ್ಪಿಗೆ ಇಲ್ಲದಿದ್ದರೆ ಜನರ ಮನೆಯಲ್ಲಿ ಅದು ತೆರೆಯುವುದೇ ಇಲ್ಲ. ಮೊದಲೆಲ್ಲ ಅವನು ಕೈಯಾರೆ ಕಳಿಸಿ, ಹೆರಿಗೆ ಕೋಣೆಯ ಹೊರಗೆ ನಿಂತವನ ಹಾಗೆ ಕಾಯುತ್ತಿದ್ದ. ತಟ್ಟೆಯಲ್ಲಿ ಊಟ ಆರುತ್ತಿತ್ತು. ಕೊನೆಗೆ ಎಲ್ಲ ತಾನಾಗಿ ನಡೆಯುವಂತೆ ಮಾಡಿದ. ಅವನ ಕೆಲಸದ ಜೊತೆಗಾರ ತನ್ನ ಮನೆಯಲ್ಲಿ ಕೂತು ತಿದ್ದಿದರೆ ಸಾಕು. ಇಲ್ಲಿ ಮೂಲೆಯ ಕಂಪ್ಯೂಟರ್ ಪೆಟ್ಟಿಗೆ ತಾನೇ ಪ್ರೋಗ್ರಾಂ ಕಟ್ಟಿ, ಇದು ಅವನದೇ ಎನ್ನುವ ಸಹಿ ಹಾಕಿ, ಕಳಿಸಿ, ಬಂದ ಒಪ್ಪಿಗೆಯನ್ನು ಅಂಟಿಸುತ್ತಿತ್ತು.

ಒಂದನ್ನು ಮಾತ್ರ ಬಿಟ್ಟಿದ್ದ. ಆ ಸಹಿಗೆ ಬೀಗವಿತ್ತು. ಬೆಳಿಗ್ಗೆ ಪೆಟ್ಟಿಗೆ ಹಾಕಿದೊಡನೆ ಪಾಸ್‌ವರ್ಡ್ ಹೊಡೆಯಬೇಕು.

“ಇದನ್ನೂ ಅದರೊಳಗೇ ಬರೆದಿಟ್ರೆ ಕಾಟ ತಪ್ಪುತ್ತಲ್ಲ,” ಅಂದಳು.

“ಬೀಗದ ಕೈನ ಬಾಗಿಲಿಗೇ ನೇತು ಹಾಕ್ತಾರೇನೇ? ಎಲ್ಲೂ ಬರೀಬೇಡ. ಹೊಡಿ.”

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಒಂದೇ ಬೆರಳಲ್ಲಿ ಹನ್ನೊಂದು ಅಕ್ಷರ ಹೊಡೆದಳು. ನೀನು ಮುಗಿಸೋ ಅಷ್ಟರಲ್ಲಿ ಹೊತ್ತು ಮುಳುಗುತ್ತೆ ಎಂದು ಅವನು ನಕ್ಕ.

ಮರುದಿನ ಬಚ್ಚಲಲ್ಲಿ ಬಿದ್ದ. ಎದೆಬಡಿತ ನಿಂತಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದ.

ಹದಿನೆಂಟನೇ ದಿನ ಜೊತೆಗಾರ ಬಂದು ಬಾಗಿಲಲ್ಲೇ ನಿಂತ. ಪ್ರೋಗ್ರಾಂ ಕೆಟ್ಟಿದೆ, ಅಕ್ಷರದ ಬದಲು ಕಪ್ಪು ಪರದೆ ಬರುತ್ತಿದೆ, ಓದಲಾಗದೆ ಜನ ಫೋನ್ ಮಾಡುತ್ತಿದ್ದಾರೆ ಎಂದ. ತಿದ್ದಿಯಾಗಿತ್ತು. ಸಹಿ ಮಾತ್ರ ಬೀಗದೊಳಗಿತ್ತು. ಹೊಸ ಸಹಿಗೆ ವಾರಗಟ್ಟಲೆ ಹಿಡಿಯುತ್ತದೆ, ಪಾಸ್‌ವರ್ಡ್ ಅಣ್ಣನ ಜೊತೆಗೇ ಹೋಯಿತು ಎಂದು ನೆಲ ನೋಡಿದ.

ಅವಳು ಎದ್ದಳು. ಧೂಳು ಒರೆಸಿ ಪೆಟ್ಟಿಗೆ ಹಾಕಿದಳು. ಏಳನೇ ಅಕ್ಷರಕ್ಕೆ ಬೆರಳು ನಿಂತಿತು. ತಲೆಗೆ ಏನೂ ಹೊಳೆಯಲಿಲ್ಲ. ಎಲ್ಲ ಅಳಿಸಿ, ಯೋಚಿಸದೆ, ಮೊದಲಿಂದ ಹೊಡೆದಳು. ಬೆರಳಿಗೆ ಗೊತ್ತಿತ್ತು. ಪೆಟ್ಟಿಗೆ ಗುಂಯ್ ಅಂದಿತು. ಹತ್ತು ನಿಮಿಷಕ್ಕೆ ಒಪ್ಪಿಗೆ ಬಂತು.

ಜೊತೆಗಾರ ಕಣ್ಣೊರೆಸಿಕೊಂಡ. “ಅತ್ತಿಗೆ, ಅದನ್ನ ಬರ್ಕೊಡಿ. ಇದೂ ತಾನಾಗೇ ಆಗೋ ಹಾಗೆ ಮಾಡ್ತೀನಿ. ನಿಮಗ್ಯಾಕೆ ದಿನಾ ಈ ತಾಪತ್ರಯ?”

“ಬರೀಬೇಡ ಅಂದಿದ್ರು. ನೀನು ತಿದ್ದೋದು ತಿದ್ದಪ್ಪ. ಬೀಗ ನಾನು ತೆಗೀತೀನಿ.”

ಈಗಲೂ ಬೆಳಿಗ್ಗೆ ಮುಖ ತೊಳೆದು ಬಂದವಳು ಒಲೆ ಹಚ್ಚುವ ಮೊದಲು ಪೆಟ್ಟಿಗೆ ಹಾಕುತ್ತಾಳೆ. ಒದ್ದೆ ಕೈ ಒರೆಸಿಕೊಂಡು, ಒಂದೇ ಬೆರಳಲ್ಲಿ, ಹನ್ನೊಂದು ಅಕ್ಷರ ಹೊಡೆಯುತ್ತಾಳೆ.